ಬಾಸ್ಟನ್ನಿನ ಹಡಗಿನ ತೇರು: ವಿಜಯಪುರದಿಂದ ಮಕ್ಕಳ ಮನೆಗೆ ಹೋಗುವವರು ಹತ್ತುವುದು ಹೇಗೆ?

ಏಪ್ರಿಲ್ ಬಂತೆಂದರೆ ನಮ್ಮ ಓಣಿಯಲ್ಲಿ ನಾಲ್ಕಾರು ಮನೆಗಳಿಗೆ ಬೀಗ ಬೀಳುತ್ತದೆ. ವಿಜಯಪುರದ ಬಿಸಿಲೂ ತಪ್ಪಿತು, ಮೊಮ್ಮಕ್ಕಳ ಮುಖವನ್ನೂ ನೋಡಿದಂತಾಯಿತು ಅಂತ ಹಿರಿಯರೆಲ್ಲ ಅಮೆರಿಕದ ವಿಮಾನ ಹತ್ತುತ್ತಾರೆ. ಅವರಲ್ಲಿ ಯಾರಾದರೂ ಬಾಸ್ಟನ್ ಕಡೆ ಹೊರಟಿದ್ದರೆ ನನಗೊಂದು ಫೋನ್ ಬಂದೇ ಬರುತ್ತದೆ. "ಆ ಹಳೇ ಯುದ್ಧದ ಹಡಗ ಹತ್ತಿದ್ರಂತಲ್ಲ, ಅದು ಹೆಂಗ್ರಿ?" ಪ್ರತಿ ಸಲ ಅರ್ಧ ತಾಸು ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದೇ ಬಿಡುತ್ತೇನೆ.

ಹಡಗಿನ ಹೆಸರು ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್, ಅಂದರೆ ಸಂವಿಧಾನ. ಹೆಸರಿಟ್ಟವರು ಜಾರ್ಜ್ ವಾಷಿಂಗ್ಟನ್. 1797ರಲ್ಲಿ ಬಾಸ್ಟನ್ನಿನಲ್ಲೇ ನೀರಿಗಿಳಿದ, ಮೂರು ಹಾಯಿಕಂಬದ ಕಟ್ಟಿಗೆ ಹಡಗು. ಇವತ್ತಿಗೂ ಅದು ಅಮೆರಿಕದ ನೌಕಾಪಡೆಯ ಸೇವೆಯಲ್ಲಿದೆ. ಮೇಲೆ ಓಡಾಡುವವರು ವೇಷ ಹಾಕಿದ ನಟರಲ್ಲ, ಸಂಬಳ ತೆಗೆದುಕೊಳ್ಳುವ ನೌಕಾಪಡೆಯವರೇ. ಹಬ್ಬದ ದಿನ, 1812ರಲ್ಲಿ ಬ್ರಿಟಿಷರ ಜೊತೆ ಯುದ್ಧ ನಡೆದ ಕಾಲದ ಸಮವಸ್ತ್ರ ಹಾಕುತ್ತಾರೆ ಅಷ್ಟೆ. ಜುಲೈ 4 ಅಲ್ಲಿನ ಸ್ವಾತಂತ್ರ್ಯ ದಿನ. ಅವತ್ತು ಈ ಹಡಗು ಧಕ್ಕೆ ಬಿಟ್ಟು ಬಂದರಿನಲ್ಲಿ ಒಂದು ಸುತ್ತು ಹೋಗಿ ಬರುತ್ತದೆ. ರಿಪೇರಿಗೆ ನಿಂತ ವರ್ಷ ಇರುವುದಿಲ್ಲ, ಕೊರೊನಾ ವರ್ಷ ಜನರನ್ನು ಹತ್ತಿಸಲಿಲ್ಲ. ಉಳಿದಂತೆ ಸಾಮಾನ್ಯ ಜನರಿಗೂ ಅದರ ಮೇಲೆ ಒಂದಿಷ್ಟು ಜಾಗ ಸಿಗುತ್ತದೆ.

ಟಿಕೆಟ್ ವಿಷಯಕ್ಕೆ ಬರುವ ಮೊದಲು ಒಂದು ಮಾತು ತಲೆಯಲ್ಲಿ ಹಾಕಿಕೊಳ್ಳಿ, ಇಲ್ಲದಿದ್ದರೆ ಬೇಜಾರಾಗುತ್ತೀರಿ. ಬಿಳಿ ಹಾಯಿಗಳು ಗಾಳಿ ತುಂಬಿಕೊಂಡು ಹಡಗು ಸಮುದ್ರ ಸೀಳಿಕೊಂಡು ಹೋಗುತ್ತದೆ ಅಂತ ನೀವು ಅಂದುಕೊಂಡಿದ್ದರೆ ಅದನ್ನು ಮರೆತುಬಿಡಿ. ಹಾಯಿ ಬಿಚ್ಚುವುದಿಲ್ಲ. ಪಕ್ಕದಲ್ಲಿ ಟಗ್ ದೋಣಿ ಕಟ್ಟಿಕೊಂಡು, ಅದರ ಬಲದಿಂದ ನಿಧಾನಕ್ಕೆ ಸಾಗುತ್ತದೆ. 1881ರ ನಂತರ ಅದು ತನ್ನದೇ ಹಾಯಿಯ ಮೇಲೆ ಹೋಗಿದ್ದು 1997ರಲ್ಲಿ, 116 ವರ್ಷ ಬಿಟ್ಟು. ಆಮೇಲೆ 2012ರಲ್ಲಿ ಇನ್ನೊಮ್ಮೆ. ಎರಡೂ ಸಲ ಸ್ವಲ್ಪ ಹೊತ್ತು ಮಾತ್ರ.

ನನಗೆ ಇದು ಅರ್ಥವಾಗಿದ್ದು ಬನಶಂಕರಿ ತೇರು ನೆನಪಾದಾಗ. ಬನದ ಹುಣ್ಣಿಮೆಗೆ ತೇರು ಎಳೆಯುತ್ತೇವಲ್ಲ, ಅದೇನು ಊರು ಮುಟ್ಟಬೇಕು ಅಂತ ಎಳೆಯುತ್ತೇವಾ? ಪಾದಗಟ್ಟೆ ತನಕ ಹೋಗಬೇಕು, ಹೊರಳಬೇಕು, ವಾಪಸು ಬಂದು ತನ್ನ ಜಾಗದಲ್ಲಿ ನಿಲ್ಲಬೇಕು, ಅಷ್ಟೆ. ಇದೂ ಹಾಗೇ. ಹೊರಳಿಸುವುದಕ್ಕೊಂದು ಲೆಕ್ಕವೂ ಇದೆ. ಒಂದೇ ಮಗ್ಗುಲಿಗೆ ನಿಂತರೆ ಬಿಸಿಲು, ಗಾಳಿ, ಹಿಮ ಎಲ್ಲ ಒಂದೇ ಕಡೆ ಹೊಡೆದು ಕಟ್ಟಿಗೆ ಆ ಕಡೆ ಮಾತ್ರ ಸವೆಯುತ್ತದೆ. ತಿರುಗಿಸಿ ಕಟ್ಟಿದರೆ ಎರಡೂ ಮಗ್ಗುಲು ಸಮನಾಗಿ ಮಾಗುತ್ತವೆ. ಈ ಯಾನಕ್ಕೆ ಅವರು ಇಟ್ಟಿರುವ ಹೆಸರೇ ‘ಟರ್ನ್‌ಅರೌಂಡ್’.

ಈಗ ಟಿಕೆಟ್. ದುಡ್ಡು ಕೊಟ್ಟರೆ ಸಿಗುವಂಥದ್ದಲ್ಲ. ಚೀಟಿ ಎತ್ತಿ ಹೆಸರು ಆರಿಸುತ್ತಾರೆ. ಹಡಗಿನ ಅಧಿಕೃತ ವೆಬ್‌ಸೈಟಿನಲ್ಲಿ, ಫೇಸ್‌ಬುಕ್ ಪುಟದಲ್ಲಿ ಪ್ರಕಟಣೆ ಬರುತ್ತದೆ. ನಾವು ಹೋದ ವರ್ಷ ಅದು ಬೇಸಿಗೆ ಶುರುವಾಗುವ ಮೊದಲೇ ಬಂದಿತ್ತು, ಅರ್ಜಿ ತೆಗೆದುಕೊಂಡಿದ್ದು ಕೆಲವೇ ದಿನ. ನೀವು ಮೇ ತಿಂಗಳಲ್ಲಿ ಹೋಗಿ ಇಳಿದು, ಜೆಟ್ ಲ್ಯಾಗ್ ಕಳೆದುಕೊಂಡು, ಜೂನ್ ಕೊನೆಗೆ "ಏನೋ ಹಡಗಂತಲ್ಲ ಮಗಳೇ" ಅಂದರೆ ಕೈ ಮೀರಿರುತ್ತದೆ. ಮಾರ್ಚ್ ತಿಂಗಳಿಂದಲೇ ಮಕ್ಕಳಿಗೆ ಹೇಳಿ ಆ ಪುಟದ ಮೇಲೆ ಕಣ್ಣಿಡಲು ಹಚ್ಚಿ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆದ್ದರಿಂದ ನಾನು ಹೇಳಿದ್ದಕ್ಕಿಂತ ಆ ವರ್ಷದ ಪ್ರಕಟಣೆ ಓದುವುದೇ ಸರಿ.

ಅರ್ಜಿ ಮಕ್ಕಳ ಹೆಸರಲ್ಲಿ ಹಾಕಿಸಿ. ಮಗಳು ಒಂದು, ಅಳಿಯ ಒಂದು, ಹೀಗೆ ಬೇರೆ ಬೇರೆ. ಒಬ್ಬರೇ ನಾಲ್ಕು ಸಲ ಹಾಕುವ ಜಾಣತನ ಬೇಡ, ಅದು ಇದ್ದ ಅವಕಾಶಕ್ಕೂ ಕುತ್ತು. ನಮ್ಮ ಸಲ ಆಯ್ಕೆಯಾದವರು ತಮ್ಮ ಜೊತೆ ಒಬ್ಬರನ್ನು ಮಾತ್ರ ಕರೆದೊಯ್ಯಬಹುದಿತ್ತು. ಇಲ್ಲೇ ನೋಡಿ ಮನೆಯಲ್ಲಿ ತಕರಾರು ಶುರುವಾಗುವುದು. ಮಗಳ ಹೆಸರು ಬಂತು, ಅಳಿಯನದು ಬರಲಿಲ್ಲ. ಮಗಳ ಜೊತೆ ನಾನಾ, ನಮ್ಮಾಕೆಯಾ? ಎರಡು ದಿನ ಯಾರೂ ಆ ಮಾತೇ ತೆಗೆಯಲಿಲ್ಲ. ಮೂರನೇ ದಿನ ನಮ್ಮಾಕೆ ರೊಟ್ಟಿ ಮುರಿಯುತ್ತ, "ನೀವ ಹೋಗ್ರಿ, ತಾಸುಗಟ್ಟಲೆ ನಿಲ್ಲಾಕ ನನ್ನ ಮಣಕಾಲು ಕೇಳೂದಿಲ್ಲ" ಅಂದಳು. ಅದು ತ್ಯಾಗ ಅಂತ ನಾನು ಅವತ್ತು ತಿಳಿದಿದ್ದೆ.

ಜುಲೈ 4 ಸಿಗಲಿಲ್ಲ ಅಂತ ಕೈಬಿಡಬೇಡಿ. ವರ್ಷದಲ್ಲಿ ಇನ್ನೂ ಕೆಲವು ಸಲ ಹಡಗು ಹೊರಡುತ್ತದೆ. ಆಗಸ್ಟ್ ತಿಂಗಳಲ್ಲಿ ಬ್ರಿಟಿಷರ ಗೆರಿಯರ್ ಹಡಗನ್ನು ಸೋಲಿಸಿದ ನೆನಪಿಗೆ, ಅಕ್ಟೋಬರಿನಲ್ಲಿ ತನ್ನದೇ ಹುಟ್ಟುಹಬ್ಬಕ್ಕೆ. ಅಕ್ಟೋಬರ್ ತನಕ ಇರುವವರು ಎರಡು ಸ್ವೆಟರ್ ಇಟ್ಟುಕೊಳ್ಳಿ, ಆ ಬಂದರಿನ ಗಾಳಿ ನಮ್ಮ ಮೂಳೆಗೆ ಹೇಳಿದ್ದಲ್ಲ.

ಹೆಸರು ಬಂತು ಅಂದುಕೊಳ್ಳಿ. ಮೊದಲ ಕೆಲಸ, ಪಾಸ್‌ಪೋರ್ಟ್ ಹುಡುಕಿ ಕೈಚೀಲದಲ್ಲಿ ಇಡುವುದು. ನಮ್ಮವರು ಅಲ್ಲಿ ಹೋದ ಮೇಲೆ ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ, ಪಂಚೆಯ ಮಡಿಕೆಯಲ್ಲಿ ಬಚ್ಚಿಟ್ಟು ಮರೆತಿರುತ್ತಾರೆ. ಇದು ಸೈನ್ಯದ ಹಡಗು. ಧಕ್ಕೆಯಲ್ಲಿ ನಿಂತಾಗ ಸುಮ್ನೆ ನೋಡಲು ಹೋದರೂ 18 ದಾಟಿದವರು ಗುರುತಿನ ಚೀಟಿ ತೋರಿಸಬೇಕು, ಚೀಲ ತಪಾಸಣೆ ಮಾಡಿಸಬೇಕು. ಆಧಾರ್ ಕಾರ್ಡ್ ಅಲ್ಲಿ ಯಾರೂ ಕೇಳುವುದಿಲ್ಲ. ನಮ್ಮ ಸಾಲಿನಲ್ಲೇ ಒಬ್ಬ ಹಿರಿಯರು ಫೋನಿನಲ್ಲಿದ್ದ ಪಾಸ್‌ಪೋರ್ಟ್ ಫೋಟೊ ತೋರಿಸಿ ವಾದ ಮಾಡಿ, ಕೊನೆಗೆ ವಾಪಸು ಹೋದರು.

ಜಾಗ ಚಾರ್ಲ್ಸ್‌ಟೌನ್ ನೇವಿ ಯಾರ್ಡ್. ಕಾರು ಒಯ್ಯಬೇಡಿ, ಹಬ್ಬದ ದಿನ ಪಾರ್ಕಿಂಗ್ ಹುಡುಕುವುದರಲ್ಲೇ ಹಡಗು ಹೋಗಿಬಿಡುತ್ತದೆ. ನಾರ್ತ್ ಸ್ಟೇಷನ್ ತನಕ ರೈಲು, ಅಲ್ಲಿಂದ ಸೇತುವೆ ದಾಟಿ ಒಂದು ಹದಿನೈದು ನಿಮಿಷದ ನಡಿಗೆ. ಪಾದಚಾರಿ ಹಾದಿಯಲ್ಲಿ ಒಂದು ಕೆಂಪು ಗೆರೆ ಕಾಣುತ್ತದೆ, ಅದು ಫ್ರೀಡಂ ಟ್ರೇಲ್, ಊರ ನಡುವಿಂದ ಎರಡೂವರೆ ಮೈಲಿ ಹಳೆಯ ಜಾಗಗಳನ್ನು ಜೋಡಿಸಿಕೊಂಡು ಬರುತ್ತದೆ. ಅದನ್ನು ಹಿಡಿದು ಹೋದರೆ ದಾರಿ ಕೇಳುವುದೇ ಬೇಕಿಲ್ಲ. ಇಂಗ್ಲಿಷ್ ಅಷ್ಟಕ್ಕಷ್ಟೆ ಅನ್ನುವವರಿಗೆ ಇದೇ ದೊಡ್ಡ ಅನುಕೂಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೀರೆ ಉಟ್ಟು ಹತ್ತಬಹುದು, ಬೇಡ ಅನ್ನುವವರಿಲ್ಲ. ಆದರೆ ಒಳಗಿನ ಮೆಟ್ಟಿಲು ಮೆಟ್ಟಿಲಲ್ಲ, ಅಟ್ಟಕ್ಕೆ ಹಾಕಿದ ಏಣಿ. ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈಲಿ ಹಿಡಿದು ಹಿಮ್ಮುಖವಾಗಿ ಇಳಿಯಬೇಕು. ಚೂಡಿದಾರ್ ಮೇಲು. ಕಾಲಿಗೆ ಚಪ್ಪಟೆ ತಳದ ಬೂಟು, ಚಪ್ಪಲಿ ಜಾರುತ್ತದೆ. ಕೆಳಗಿನ ಅಂತಸ್ತುಗಳಲ್ಲಿ ಛಾವಣಿ ತಗ್ಗು, ತೊಲೆ ನೋಡಿಕೊಂಡು ನಡೆಯಿರಿ. ನಾನು ಹಣೆ ಬಡಿಸಿಕೊಂಡಿದ್ದೇನೆ, ಆರಡಿ ಎತ್ತರದ ಅಳಿಯ ಬಂದಿದ್ದರೆ ಏನಾಗುತ್ತಿತ್ತೋ. ಟೋಪಿಗೆ ದಾರ ಇರಲಿ. ಕೂರಲು ಕುರ್ಚಿ ಹುಡುಕಬೇಡಿ, ಮೂರು ತಾಸು ನಿಲ್ಲುವ ಲೆಕ್ಕ ಹಾಕಿಕೊಂಡೇ ಹೋಗಿ. ಬೆಳಿಗ್ಗೆ ಚಹಾ ಒಂದೇ ಕಪ್ ಸಾಕು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಹತ್ತಿದ ಮೇಲೆ ಎಲ್ಲರೂ ಕಟಾಂಜನಕ್ಕೆ ಅಂಟಿಕೊಂಡು ಊರಿನ ಫೋಟೊ ತೆಗೆಯುತ್ತ ನಿಲ್ಲುತ್ತಾರೆ. ನೀವು ಮೊದಲು ತಲೆ ಎತ್ತಿ ನೋಡಿ. ನಡುವಿನ ಹಾಯಿಕಂಬ 220 ಅಡಿ. ನಮ್ಮ ಗೋಳಗುಮ್ಮಟ 51 ಮೀಟರ್ ಅನ್ನುತ್ತಾರೆ, ಅದಕ್ಕಿಂತ ಎತ್ತರ. ಅಷ್ಟೆತ್ತರಕ್ಕೆ ಹಗ್ಗದ ಏಣಿ ಹಿಡಿದು, ತೂಗಾಡುವ ಹಡಗಿನಲ್ಲಿ ಹುಡುಗರು ಹತ್ತುತ್ತಿದ್ದರು. ಯುದ್ಧದ ಕಾಲಕ್ಕೆ ಇದರಲ್ಲಿ 450 ಜನ ಇರುತ್ತಿದ್ದರಂತೆ. ಕೆಳಗಿಳಿದು ಅವರು ಜೋಲಿ ಕಟ್ಟಿ ಮಲಗುತ್ತಿದ್ದ ಜಾಗ ನೋಡಿದರೆ ನಮ್ಮ ಜಾತ್ರೆಯ ಛತ್ರವೇ ಅರಮನೆ ಅನ್ನಿಸುತ್ತದೆ.

ಆಮೇಲೆ ಗೋಡೆ ಮುಟ್ಟಿ ನೋಡಿ. ಹೊರಗೊಂದು ಒಳಗೊಂದು ಬಿಳಿ ಓಕ್ ಹಲಗೆ, ನಡುವೆ ಒತ್ತೊತ್ತಾಗಿ ಲೈವ್ ಓಕ್ ಮರದ ಪಕ್ಕೆಲುಬು. ಈ ಲೈವ್ ಓಕ್ ಅಮೆರಿಕದ ದಕ್ಷಿಣದ ಕರಾವಳಿಯ ಮರ, ಭಾರೀ ಗಟ್ಟಿ. ಕೆಲವು ಕಡೆ ಗೋಡೆಯ ದಪ್ಪ ಒಂದೂವರೆ ಅಡಿಗೂ ಜಾಸ್ತಿ. 1812ರ ಆಗಸ್ಟ್ 19ರಂದು ಗೆರಿಯರ್ ಹೊಡೆದ ಗುಂಡುಗಳು ಇದಕ್ಕೆ ತಾಗಿ ಹಿಂದೆ ಬಿದ್ದವು. "ಇದರ ಪಕ್ಕೆ ಕಬ್ಬಿಣದ್ದು" ಅಂತ ನಾವಿಕರು ಕೂಗಿದರಂತೆ. ಅವತ್ತಿನಿಂದ ‘ಓಲ್ಡ್ ಐರನ್‌ಸೈಡ್ಸ್’ ಅನ್ನುವ ಅಡ್ಡಹೆಸರು ನಿಂತಿತು. ಈಗ ಮೂಲ ಕಟ್ಟಿಗೆ ಉಳಿದಿರುವುದು ನೂರಕ್ಕೆ 10–15 ಪಾಲು ಮಾತ್ರ. ಉಳಿದಿದ್ದೆಲ್ಲ ಕಾಲಕಾಲಕ್ಕೆ ಬದಲಾಯಿಸಿದ್ದು. "ಹಾಗಾದರೆ ಇದು ಅದೇ ಹಡಗು ಹೇಗಾಯಿತು?" ಅಂತ ಮಗಳು ಕೇಳಿದಳು. ಗಾಲಿ ಬದಲಾಯಿಸಿದ್ದೇವೆ, ಅಚ್ಚು ಬದಲಾಯಿಸಿದ್ದೇವೆ, ಆದರೂ ಅದು ನಮ್ಮಜ್ಜ ಎಳೆದ ತೇರೇ ಅಲ್ಲವೇನಮ್ಮ ಅಂದೆ.

ಚುಕ್ಕಾಣಿ ಚಕ್ರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಇದು ಯಾವ ಗೈಡೂ ನಿಮಗೆ ಹೇಳುವುದಿಲ್ಲ, ಯಾಕೆಂದರೆ ಇದು ನಮ್ಮ ಕಡೆಯ ಕಥೆ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಈ ಹಡಗು ಜಾವಾ ಅನ್ನುವ ಬ್ರಿಟಿಷ್ ಹಡಗಿನ ಜೊತೆ ಹೋರಾಡಿತು. ಜಾವಾ ಹೊರಟಿದ್ದು ಎಲ್ಲಿಗೆ ಗೊತ್ತಾ? ಮುಂಬಯಿಗೆ. ಅದರಲ್ಲಿ ಥಾಮಸ್ ಹಿಸ್ಲಪ್ ಅನ್ನುವ ಸೇನಾಧಿಕಾರಿ ಇದ್ದ. ಹೋರಾಟದಲ್ಲಿ ಕಾನ್‌ಸ್ಟಿಟ್ಯೂಷನ್ನಿನ ಚಕ್ರ ಪುಡಿಯಾಯಿತು. ಗೆದ್ದ ಮೇಲೆ ಅವರು ಜಾವಾದ ಚಕ್ರವನ್ನೇ ಕಿತ್ತು ತಂದು ಹಾಕಿಕೊಂಡರು, ಜಾವಾಗೆ ಬೆಂಕಿ ಇಟ್ಟರು. ಹಿಸ್ಲಪ್ ಸೆರೆಯಾದ, ಬಿಡುಗಡೆಯಾದ, ಕೊನೆಗೂ ಹಿಂದೂಸ್ತಾನಕ್ಕೆ ಬಂದ. 1817ರಲ್ಲಿ ಪೇಶ್ವೆ, ಹೋಳ್ಕರರ ಮೇಲೆ ಯುದ್ಧ ಶುರುವಾದಾಗ ದಖನ್ನಿನ ಬ್ರಿಟಿಷ್ ಸೈನ್ಯಕ್ಕೆ ಮುಖ್ಯಸ್ಥ ಅವನೇ. ಅದೇ ಯುದ್ಧದಲ್ಲಿ, 1818ರಲ್ಲಿ, ಬಾದಾಮಿ ಕೋಟೆ, ಬೆಳಗಾವಿ ಕೋಟೆ ಎರಡೂ ಬ್ರಿಟಿಷ್ ಸೇನಾನಿ ಥಾಮಸ್ ಮನ್ರೋ ಕೈಗೆ ಹೋದವು. ಬಾದಾಮಿ ಕೋಟೆ ಹತ್ತಿದ ಕಾಲಿನಿಂದಲೇ ಆ ಚುಕ್ಕಾಣಿಯ ಪಕ್ಕ ನಿಂತಾಗ ನನಗೆ ಮೈ ಜುಂ ಅಂದಿತು. ಸಮುದ್ರವನ್ನೇ ಕಾಣದ ಊರು ನಮ್ಮದು, ಆದರೂ.

ಹಡಗು ಬೆಳಿಗ್ಗೆ 10ರ ಸುಮಾರಿಗೆ ಹೊರಡುತ್ತದೆ. ಅಗ್ನಿಶಾಮಕ ದಳದ ದೋಣಿ ಮುಂದೆ ನೀರಿನ ಕಾರಂಜಿ ಹಾರಿಸುತ್ತ ಹೋಗುತ್ತದೆ. ಪಾದಗಟ್ಟೆ ಅಂದೆನಲ್ಲ, ಅದು ಕ್ಯಾಸಲ್ ಐಲ್ಯಾಂಡ್. ಹೆಸರಿಗೆ ದ್ವೀಪ, ಈಗ ನೆಲಕ್ಕೆ ಸೇರಿಕೊಂಡಿದೆ, ಮೇಲೊಂದು ಕಲ್ಲಿನ ಕೋಟೆ. ಅಲ್ಲಿ ಹಡಗು 21 ಕುಶಾಲತೋಪು ಹಾರಿಸುತ್ತದೆ, ಕೋಟೆಯಿಂದಲೂ ಉತ್ತರವಾಗಿ ತೋಪು ಹಾರುತ್ತವೆ.

ತೋಪಿನ ಬಗ್ಗೆ ಎಚ್ಚರಿಕೆ. ಗುಂಡಿಲ್ಲದ ಬರೀ ಮದ್ದು, ಅಪಾಯ ಏನಿಲ್ಲ. ಆದರೆ ಸದ್ದು ಎದೆಗೇ ಬಡಿಯುತ್ತದೆ. ನಮ್ಮ ಮಲಿಕ್-ಎ-ಮೈದಾನ್ ತೋಪು ಹಾರಿಸುವವನು ಬತ್ತಿಗೆ ಬೆಂಕಿ ಇಟ್ಟು ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಅಂತ ಚಿಕ್ಕಂದಿನಿಂದ ಕೇಳಿದ್ದೇವಲ್ಲ. 55 ಟನ್ನಿನ ಆ ತೋಪಿನ ಮುಂದೆ ಇದು ಕೂಸು, ಆದರೂ ಆ ಕಥೆ ಸುಳ್ಳಿರಲಿಕ್ಕಿಲ್ಲ ಅಂತ ನನಗೆ ಅವತ್ತೇ ಅನ್ನಿಸಿದ್ದು. ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಶ್ರವಣಯಂತ್ರ ಹಾಕುವವರು ಮೊದಲೇ ತೆಗೆದು ಜೇಬಿನಲ್ಲಿ ಇಡಿ. ಹೊಗೆ ಯಾವ ಕಡೆ ತೇಲುತ್ತದೆ ಅಂತ ಮೊದಲ ತೋಪಿಗೇ ನೋಡಿಕೊಂಡು, ಅದರ ಎದುರು ಮಗ್ಗುಲಿಗೆ ಸರಿಯಿರಿ.

ವಾಪಸು ಬರುವಾಗ ಎಲ್ಲರೂ ದಣಿದು, ಮುಗೀತು ಅಂದುಕೊಂಡಿರುತ್ತಾರೆ. ಆಗ ಇನ್ನೊಂದು ಸುತ್ತು ತೋಪು ಹಾರುತ್ತವೆ, 17. ಎಣಿಸಿ. ಕರಾವಳಿ ಕಾವಲು ಪಡೆಯ ನೆಲೆಯ ಎದುರು ಹಾಯುವಾಗ ಹೀಗೆ ಮಾಡುತ್ತಾರೆ. ಎಡ್ಮಂಡ್ ಹಾರ್ಟ್ ಅನ್ನುವವನ ಹಡಗುಕಟ್ಟೆ ಇದ್ದದ್ದು ಅಲ್ಲೇ, ಈ ಹಡಗು ಹುಟ್ಟಿದ್ದೂ ಅಲ್ಲೇ. ಹಡಗು ನೀರಿಗಿಳಿದ ಕಾಲಕ್ಕೆ ಅಮೆರಿಕದಲ್ಲಿದ್ದದ್ದು 16 ರಾಜ್ಯ. ರಾಜ್ಯಕ್ಕೊಂದು ತೋಪು, ಹಡಗಿಗೆ ಒಂದು. ತವರುಮನೆ ಮುಂದೆ ಹಾಯುವಾಗ ಕೈ ಮುಗಿದಂತೆ. ಆ ಇಳಿಯುವ ಕೆಲಸವೂ ಸಲೀಸಾಗಿ ಆಗಿರಲಿಲ್ಲ. 1797ರ ಸೆಪ್ಟೆಂಬರ್ 20ಕ್ಕೆ ಊರೆಲ್ಲ ಸೇರಿತ್ತು, ಹಡಗು 27 ಅಡಿ ಜಾರಿ ನಿಂತುಬಿಟ್ಟಿತು. ಎರಡು ದಿನ ಬಿಟ್ಟು ಮತ್ತೆ ನೋಡಿದರು, ಮತ್ತೆ ನಿಂತಿತು. ಕೊನೆಗೆ ನೀರು ಮುಟ್ಟಿದ್ದು ಅಕ್ಟೋಬರ್ 21ಕ್ಕೆ. ಸನ್ನೆಕೋಲು ಹಾಕಿ ತೇರಿನ ಗಾಲಿ ಎಬ್ಬಿಸಿದವರಿಗೆ ಆ ಜನರ ಮುಖ ಹೇಗಿತ್ತು ಅಂತ ಹೇಳಬೇಕಿಲ್ಲ.

ಈಗ ಚೀಟಿಯಲ್ಲಿ ಹೆಸರು ಬರದವರಿಗೆ. ಹೆಚ್ಚಿನವರಿಗೆ ಬರುವುದಿಲ್ಲ, ಇದನ್ನೇ ಗಮನವಿಟ್ಟು ಓದಿ. ಜುಲೈ 4ಕ್ಕೆ ಬೆಳಿಗ್ಗೆ ಬೇಗ ಕ್ಯಾಸಲ್ ಐಲ್ಯಾಂಡಿಗೆ ಹೋಗಿ. ರೆಡ್ ಲೈನ್ ರೈಲಿನಲ್ಲಿ ಬ್ರಾಡ್‌ವೇ ನಿಲ್ದಾಣ, ಅಲ್ಲಿಂದ 9 ನಂಬರ್ ಬಸ್ಸಿನಲ್ಲಿ ಸಿಟಿ ಪಾಯಿಂಟ್, ಆಮೇಲೆ ಸಮುದ್ರ ದಂಡೆಗುಂಟ ನಡಿಗೆ. ಪುಕ್ಕಟೆ. ಹುಲ್ಲಿನ ಮೇಲೆ ಚಾದರ ಹಾಸಿ ಕೂರಬಹುದು. ಸಲಿವನ್ಸ್ ಅಂತ ಹಳೇ ತಿಂಡಿ ಅಂಗಡಿ ಇದೆ. ಅಲ್ಲಿ ನಮಗೆ ಆಗಿ ಬರುವುದು ಆಲೂ ಫ್ರೈ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದರೆ ಚಿಂತೆಯೇ ಇಲ್ಲ.

ದೋಣಿ ಬಾಡಿಗೆ ಹಿಡಿದು ಹಡಗಿನ ಹಿಂದೆ ಹೋಗುವ ಯೋಚನೆ ಬೇಡ. ಅದಕ್ಕೂ ಹಿಂದಿನ ಪ್ರವಾಸದಲ್ಲಿ ನಾವು ಅದನ್ನೂ ಮಾಡಿದ್ದೇವೆ. ಹಡಗಿನ ಮಗ್ಗುಲಲ್ಲೇ ಸಾಗುತ್ತೇವೆ ಅಂತ ಒಬ್ಬ ದೋಣಿಯವನು ನಾಲ್ಕು ಟಿಕೆಟ್ ಮಾರಿದ. ಹಡಗಿನ ಸುತ್ತ ಕಾವಲು ದೋಣಿಗಳು ಯಾರನ್ನೂ ಹತ್ತಿರ ಬಿಡುವುದಿಲ್ಲ ಅಂತ ಅವನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ದೂರದಿಂದ ಹಿಂದಿನ ತುದಿಯನ್ನಷ್ಟೇ ನೋಡಿ, ವಾಂತಿ ಮಾಡಿಕೊಂಡು ಬಂದೆವು.

ಹಡಗಿನೊಳಗೆ ಕಾಲಿಡಬೇಕು ಅನ್ನುವ ಆಸೆ ಇದ್ದರೆ ಬೇರೆ ಯಾವುದಾದರೂ ದಿನ ನೇವಿ ಯಾರ್ಡಿಗೆ ಹೋಗಿ. ಸಾಮಾನ್ಯವಾಗಿ ಸೋಮವಾರ ರಜೆ. ಪ್ರವೇಶಕ್ಕೆ ದುಡ್ಡಿಲ್ಲ. ಏಣಿ, ತೋಪು, ಜೋಲಿ, ಚುಕ್ಕಾಣಿ ಎಲ್ಲ ಆರಾಮಾಗಿ ನೋಡಬಹುದು. ಹಬ್ಬದ ಗದ್ದಲದಲ್ಲಿ ಅಷ್ಟು ನೋಡಲು ಆಗುವುದೇ ಇಲ್ಲ. ಪಕ್ಕದಲ್ಲೇ ಮ್ಯೂಸಿಯಂ, ಕೈಲಾದಷ್ಟು ಕಾಣಿಕೆ ಹಾಕಬಹುದು. ಸಾಧ್ಯವಾದರೆ ಸೂರ್ಯ ಮುಳುಗುವ ಹೊತ್ತಿಗೆ ಧಕ್ಕೆಯ ಬಳಿ ಇರಿ. ಬಾವುಟ ಇಳಿಸುವಾಗ ಒಂದು ತೋಪು ಹಾರಿಸುತ್ತಾರೆ, ಬೆಳಿಗ್ಗೆ 8ಕ್ಕೆ ಏರಿಸುವಾಗ ಒಂದು. ಇದಕ್ಕೆ ಚೀಟಿಯೂ ಇಲ್ಲ, ಸಾಲೂ ಇಲ್ಲ.

ಎರಡರಲ್ಲಿ ಯಾವುದು ಮೇಲು ಅಂತ ಕೇಳಿದರೆ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನಾನು ಹಡಗಿನ ಮೇಲಿದ್ದೆ, ನಮ್ಮಾಕೆ ಅಳಿಯನ ಜೊತೆ ಕ್ಯಾಸಲ್ ಐಲ್ಯಾಂಡಿನಲ್ಲಿ. ಸಂಜೆ ನಾನು ತೆಗೆದ ಫೋಟೊ ತೋರಿಸಿದೆ. ಹಗ್ಗ, ಕಟಾಂಜನ, ಯಾರದೋ ಬೆನ್ನು, ದೂರದಲ್ಲಿ ಊರು. ಆಮೇಲೆ ಅವಳು ತನ್ನ ಫೋನ್ ತೆಗೆದಳು. ಮೂರು ಕಂಬಗಳ ಪೂರಾ ಹಡಗು, ಮಗ್ಗುಲಿಂದ ಬಿಳಿ ಹೊಗೆ, ಮೇಲೆ ಬಾವುಟ, ಮುಂದೆ ನೀರಿನ ಕಾರಂಜಿ. "ತೇರಿನ ಮ್ಯಾಲ ಕುಂತಾಂವಗ ತೇರು ಎಲ್ಲಿ ಕಾಣ್ತೈತ್ರಿ" ಅಂದಳು. ಮಣಕಾಲಿನ ಮಾತು ನೆಪ ಇತ್ತೇನೋ ಅಂತ ಆಗ ನನಗೆ ಅನುಮಾನ ಬಂತು.

ತೋಪು ನಿಂತ ಮೇಲೆ ಅವಳು ಫೋನ್ ಮಾಡಿ "ಕೈ ಬೀಸ್ರಿ, ಎಲ್ಲಿದ್ದೀರಿ ನೋಡ್ತೀನಿ" ಅಂದಿದ್ದಳು. ಬೀಸಿದೆ. ನನ್ನ ಜೊತೆ ಹಡಗಿನ ಮೇಲಿದ್ದವರೆಲ್ಲ ದಂಡೆಯ ಕಡೆ ಕೈ ಬೀಸುತ್ತಿದ್ದರು. ನೀವು ಹೋದರೆ ಒಂದು ಕೆಂಪು ಟವೆಲ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ.